ಸಮ್ಮೇಳನದ ಅಬ್‌ಸ್ಟ್ರಾಕ್ಟುಗಳಲ್ಲಿ ಎಷ್ಟು ಪೇಪರ್ ಆಗುತ್ತವೆ, ಉಳಿದವು ಎಲ್ಲಿ ನಿಂತುಬಿಡುತ್ತವೆ

ವೈದ್ಯಕೀಯ ಸಮ್ಮೇಳನಗಳಲ್ಲಿ ಸಂಶೋಧನೆಯ ಕಿರು ಸಾರಾಂಶವಾಗಿ ಮಂಡನೆಯಾಗುವ ಅಬ್‌ಸ್ಟ್ರಾಕ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಯಾವ ಜರ್ನಲ್ಲಿನಲ್ಲೂ ಪೂರ್ಣ ಪೇಪರ್ ಆಗಿ ಬರುವುದಿಲ್ಲ. ಈ ಮಾತು ಕೇಳಿದ ತಕ್ಷಣ ಹೆಚ್ಚಿನವರ ಮನಸ್ಸಿಗೆ ಬರುವ ವಿವರಣೆ ಒಂದೇ: ಕೆಲಸ ದುರ್ಬಲವಾಗಿತ್ತು, ಜರ್ನಲ್ಲುಗಳು ತಿರಸ್ಕರಿಸಿರಬೇಕು. ಆ ವಿವರಣೆ ಬಹುಪಾಲು ತಪ್ಪು. ಪ್ರಕಟವಾಗದ ಅಬ್‌ಸ್ಟ್ರಾಕ್ಟುಗಳಲ್ಲಿ ಬಹಳಷ್ಟು ಯಾವ ಸಂಪಾದಕರ ಮೇಜನ್ನೂ ತಲುಪಿರುವುದಿಲ್ಲ. ಅವು ಬರೆದವರ ಕಂಪ್ಯೂಟರಿನಲ್ಲೇ ಉಳಿದಿರುತ್ತವೆ. ತೊಂದರೆ ಎಲ್ಲಿದೆ ಎಂಬುದು ಗೊತ್ತಾದರೆ ಅದನ್ನು ಸರಿಪಡಿಸುವ ದಾರಿಯೂ ಬೇರೆಯಾಗುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸಂಖ್ಯೆಗಳು. ಈ ವಿಷಯದಲ್ಲಿ ಅತಿ ದೊಡ್ಡ ಲೆಕ್ಕ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯದು. ಅದರ 2018ರ ಆವೃತ್ತಿ 425 ವರದಿಗಳನ್ನು ಸೇರಿಸಿ ಒಟ್ಟು 3,07,028 ಅಬ್‌ಸ್ಟ್ರಾಕ್ಟುಗಳ ಗತಿ ಏನಾಯಿತೆಂದು ನೋಡಿತು. ಪೂರ್ಣ ಪೇಪರ್ ಆದವು 37.3%. ಅದೇ ವಿಮರ್ಶೆಯಲ್ಲಿ ಇನ್ನೊಂದು ಸಂಖ್ಯೆಯೂ ಇದೆ: ಮಂಡನೆಯಾದ ಹತ್ತು ವರ್ಷಗಳ ಹೊತ್ತಿಗೆ ಪ್ರಕಟವಾಗುವ ಅಂದಾಜು 46.4%. ಒಂದೇ ವಿಮರ್ಶೆಯಲ್ಲಿ ಎರಡು ಉತ್ತರ ಹೇಗೆ ಎಂದು ಗೊಂದಲಪಡಬೇಕಾಗಿಲ್ಲ. ಮೊದಲನೆಯದರಲ್ಲಿ ಎರಡು ವರ್ಷ ಮಾತ್ರ ಕಾದು ಎಣಿಸಿದ ಅಧ್ಯಯನಗಳೂ, ಹತ್ತು ವರ್ಷ ಕಾದವುಗಳೂ ಒಟ್ಟಿಗೆ ಸೇರಿವೆ. ಎರಡನೆಯದು ಪ್ರತಿ ಅಬ್‌ಸ್ಟ್ರಾಕ್ಟಿಗೆ ಎಷ್ಟು ಕಾಲ ಸಿಕ್ಕಿತ್ತು ಎಂಬುದನ್ನು ಗಣನೆಗೆ ತೆಗೆದುಕೊಂಡ ಅಂದಾಜು. ಯಾರಾದರೂ ನಿಮ್ಮೆದುರು ಒಂದು ಪ್ರಕಟಣಾ ಪ್ರಮಾಣ ಹೇಳಿದರೆ "ಎಷ್ಟು ವರ್ಷ ಕಾದ ಮೇಲೆ?" ಎಂದು ಮೊದಲು ಕೇಳಿ. ಅದಿಲ್ಲದ ಶೇಕಡಾವಾರಿಗೆ ಅರ್ಥವಿಲ್ಲ.

ಇದೇ ವಿಮರ್ಶೆಯ 2007ರ ಆವೃತ್ತಿಯಲ್ಲಿ 29,729 ಅಬ್‌ಸ್ಟ್ರಾಕ್ಟುಗಳಿದ್ದವು, ಪ್ರಮಾಣ 44.5% ಇತ್ತು. ಅದಕ್ಕೂ ಮುಂಚೆ 1994ರಲ್ಲಿ ಇದೇ ಪ್ರಶ್ನೆಯ ಮೇಲೆ ಬಂದ ವಿಶ್ಲೇಷಣೆ 51% ಎಂದಿತ್ತು. ಈ ಮೂರನ್ನು ಸಾಲಾಗಿಟ್ಟು "ಪ್ರಕಟಣೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ" ಎನ್ನುವುದು ಆತುರದ ತೀರ್ಮಾನ. ಪ್ರತಿ ಸಲ ಒಳಗೆ ಸೇರಿದ ಸಮ್ಮೇಳನಗಳು ಬೇರೆ, ವಿಷಯಗಳು ಬೇರೆ, ಕಾದ ಅವಧಿ ಬೇರೆ. ಹೇಳಬಹುದಾದದ್ದು ಇಷ್ಟೇ: ಹೇಗೆ ಎಣಿಸಿದರೂ ಉತ್ತರ ಅರ್ಧದ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ನಿಲ್ಲುತ್ತದೆ.

ಅಧ್ಯಯನದ ಬಗೆಯಿಂದ ವ್ಯತ್ಯಾಸ ದೊಡ್ಡದು. ಯಾದೃಚ್ಛಿಕ ಹಂಚಿಕೆಯ ಪ್ರಯೋಗಗಳಲ್ಲಿ, ಅಂದರೆ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಿಗೆ ಹಂಚಿ ನಡೆಸುವ ಟ್ರಯಲ್‌ಗಳಲ್ಲಿ, ಹತ್ತು ವರ್ಷದ ಅಂದಾಜು 68.7%. ಉಳಿದ ಬಗೆಯವುಗಳಲ್ಲಿ 44.9%. ಮೌಖಿಕ ಮಂಡನೆ ಸಿಕ್ಕವು ಪೋಸ್ಟರ್‌ಗಳಿಗಿಂತ ಹೆಚ್ಚು ಪ್ರಕಟವಾಗುತ್ತವೆ. ಹಲವು ಕೇಂದ್ರಗಳಲ್ಲಿ ನಡೆದವು ಒಂದೇ ಕೇಂದ್ರದವುಗಳಿಗಿಂತ ಹೆಚ್ಚು, ಮೂಲವಿಜ್ಞಾನದವು ಕ್ಲಿನಿಕಲ್ ಕೆಲಸಕ್ಕಿಂತ ಹೆಚ್ಚು. ಇವು ಅನಿರೀಕ್ಷಿತವೇನಲ್ಲ. ಚಿಂತೆ ಹುಟ್ಟಿಸುವ ಅಂಶ ಮುಂದಿನದು: ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ಇರುವವು ಇಲ್ಲದವುಗಳಿಗಿಂತ 1.31 ಪಟ್ಟು ಹೆಚ್ಚು ಪ್ರಕಟವಾಗುತ್ತವೆ. ಅಂದರೆ "ವ್ಯತ್ಯಾಸ ಕಾಣಲಿಲ್ಲ" ಎಂಬ ನೂರು ಅಬ್‌ಸ್ಟ್ರಾಕ್ಟುಗಳಲ್ಲಿ 38 ಪೇಪರ್ ಆದರೆ, "ವ್ಯತ್ಯಾಸ ಕಂಡಿತು" ಎಂಬ ನೂರರಲ್ಲಿ ಸುಮಾರು 50 ಆಗುತ್ತವೆ. ಕಳೆದುಹೋಗುವುದು ಎಲ್ಲ ಕಡೆಯೂ ಸಮವಾಗಿ ಕಳೆದುಹೋಗಿದ್ದರೆ ಅದು ವ್ಯರ್ಥವಾದ ಶ್ರಮ ಮಾತ್ರ ಆಗಿರುತ್ತಿತ್ತು. ಒಂದೇ ಕಡೆಯದು ಹೆಚ್ಚು ಕಳೆದುಹೋಗುವುದರಿಂದ ಉಳಿದದ್ದೂ ವಾಲುತ್ತದೆ. ಜರ್ನಲ್ಲುಗಳನ್ನಷ್ಟೇ ಓದುವ ವೈದ್ಯರಿಗೆ ಚಿಕಿತ್ಸೆ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಇದರಿಂದ ಜೀವಕ್ಕೆ ಅಪಾಯ ಬರಬಹುದೇ ಎಂಬ ಅನುಮಾನ ಇರುವವರು ಲೋರ್ಕೈನೈಡ್ ಎಂಬ ಔಷಧದ ಕತೆ ತಿಳಿದುಕೊಳ್ಳಬೇಕು. ಹೃದಯಾಘಾತದ ನಂತರ ಬಡಿತದ ಲಯ ತಪ್ಪುವುದನ್ನು ತಡೆಯಲೆಂದು 1980ರಲ್ಲಿ ಅದನ್ನು 95 ರೋಗಿಗಳಲ್ಲಿ ಪರೀಕ್ಷಿಸಿದರು. ಔಷಧ ಪಡೆದ 48 ಜನರಲ್ಲಿ 9 ಮಂದಿ ತೀರಿಕೊಂಡರು, ಪಡೆಯದ 47ರಲ್ಲಿ ಒಬ್ಬರು. ಸಾವುಗಳು ಆಕಸ್ಮಿಕ ಎಂದು ಸಂಶೋಧಕರು ಆಗ ಭಾವಿಸಿದರು. ವಾಣಿಜ್ಯ ಕಾರಣಕ್ಕೆ ಔಷಧವನ್ನೇ ಕೈಬಿಟ್ಟದ್ದರಿಂದ ಅಧ್ಯಯನವೂ ಪ್ರಕಟವಾಗಲಿಲ್ಲ. ಅದು ಅಚ್ಚಾದದ್ದು 1993ರಲ್ಲಿ, ಪ್ರಕಟಣೆಯ ಪಕ್ಷಪಾತಕ್ಕೆ ಉದಾಹರಣೆ ಎಂದು ಸ್ವತಃ ಸಂಶೋಧಕರೇ ಹೇಳಿಕೊಂಡು. ಅಷ್ಟರೊಳಗೆ ಇದೇ ವರ್ಗದ ಎನ್ಕೈನೈಡ್ ಮತ್ತು ಫ್ಲೆಕೈನೈಡ್ ಬಳಕೆಯಲ್ಲಿದ್ದವು. ಅವು ಸಾವನ್ನು ಹೆಚ್ಚಿಸುತ್ತವೆ ಎಂದು ಕಾಸ್ಟ್ ಎಂಬ ದೊಡ್ಡ ಪ್ರಯೋಗ ತೋರಿಸಿದ್ದು 1989ರಲ್ಲಿ. 95 ಜನರ ಆ ಸಣ್ಣ ಅಧ್ಯಯನ ಆ ಒಂಬತ್ತು ವರ್ಷಗಳ ಕಾಲ ಓದುಗರ ಕಣ್ಣ ಮುಂದೆ ಇದ್ದಿದ್ದರೆ ಅನುಮಾನವಾದರೂ ಬೇಗ ಹುಟ್ಟುತ್ತಿತ್ತು.

ಇನ್ನು ಏಕೆ ನಿಲ್ಲುತ್ತವೆ ಎಂಬುದು. ತುರ್ತು ಚಿಕಿತ್ಸಾ ವಿಭಾಗದ 1991ರ ಒಂದು ಅಮೆರಿಕನ್ ಸಮ್ಮೇಳನಕ್ಕೆ ಬಂದಿದ್ದ ಅಬ್‌ಸ್ಟ್ರಾಕ್ಟುಗಳ ಬೆನ್ನುಹತ್ತಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಪೇಪರ್ ಆಗದೆ ಉಳಿದವುಗಳ ಲೇಖಕರನ್ನು ಕೇಳಿದಾಗ, ಜರ್ನಲ್ಲಿಗೆ ಕಳಿಸಿಯೇ ಇದ್ದವರು ಐದರಲ್ಲೊಬ್ಬರು ಮಾತ್ರ. ಕ್ಯಾನ್ಸರ್ ತಜ್ಞರ ದೊಡ್ಡ ವಾರ್ಷಿಕ ಸಮ್ಮೇಳನದಲ್ಲಿ 1989ರಿಂದ 1998ರವರೆಗೆ ಮಂಡನೆಯಾದ 510 ದೊಡ್ಡ ಪ್ರಯೋಗಗಳನ್ನು ಇನ್ನೊಂದು ತಂಡ ಹಿಂಬಾಲಿಸಿತು. ಐದು ವರ್ಷವಾದರೂ 26% ಪ್ರಕಟವಾಗಿರಲಿಲ್ಲ. ಗಣನೀಯ ಫಲಿತಾಂಶ ಇದ್ದವುಗಳಲ್ಲಿ 81% ಹೊರಬಂದಿದ್ದವು, ಇಲ್ಲದವುಗಳಲ್ಲಿ 68%. ಇವು ನೂರಾರು ರೋಗಿಗಳು ಭಾಗವಹಿಸಿದ ಪ್ರಯೋಗಗಳು ಎಂಬುದನ್ನು ನೆನಪಿಡಿ. ಇಲ್ಲಿ ಲೇಖಕರು ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟ ಕಾರಣ ಸಮಯ, ಹಣ ಅಥವಾ ಇತರ ಸಂಪನ್ಮೂಲಗಳ ಕೊರತೆ. 2015ರಲ್ಲಿ ಇಂಥ ಸಮೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿದ ವಿಮರ್ಶೆ ಸಮಯದ ಕೊರತೆಯನ್ನೇ ಮೊದಲ ಸ್ಥಾನದಲ್ಲಿ ಇಟ್ಟಿತು.

"ಸಮಯ ಸಿಗಲಿಲ್ಲ" ಎಂಬ ಉತ್ತರವನ್ನು ನೆಪ ಎಂದು ತಳ್ಳಿಹಾಕಬಾರದು, ಹಾಗೆಂದು ಇದ್ದಂತೆ ಒಪ್ಪಿಕೊಳ್ಳಲೂಬಾರದು. ಅದರೊಳಗೆ ಹಲವು ಸಂಗತಿಗಳು ಅಡಗಿವೆ. ಅಬ್‌ಸ್ಟ್ರಾಕ್ಟ್ ಎಂದರೆ ಸಾಮಾನ್ಯವಾಗಿ 250ರಿಂದ 300 ಪದ. ಅದನ್ನು ಸಮ್ಮೇಳನಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಕಳಿಸಬೇಕು, ಹಾಗಾಗಿ ಕೊನೆಯ ದಿನಾಂಕಕ್ಕೆ ಕೈಯಲ್ಲಿದ್ದ ಅರೆಬರೆ ಡೇಟಾದಿಂದ ಬರೆದುಬಿಡುತ್ತಾರೆ. ನಂತರ ಪೂರ್ತಿ ಡೇಟಾ ಬಂದಾಗ ಸಂಖ್ಯೆಗಳು ಬದಲಾಗುತ್ತವೆ, ಕೆಲವು ಸಲ ತೀರ್ಮಾನವೇ ಬದಲಾಗುತ್ತದೆ. ಮಂಡಿಸಿದ್ದನ್ನು ಈಗ ತಿದ್ದಬೇಕಲ್ಲ ಎಂಬ ಮುಜುಗರಕ್ಕೆ ಕಡತ ಮುಚ್ಚಿಹೋಗುತ್ತದೆ. ಇನ್ನು ವಿದ್ಯಾರ್ಥಿಗೆ ಬೇಕಾದದ್ದು ಪೋಸ್ಟರ್ ಪ್ರಮಾಣಪತ್ರ ಮಾತ್ರ ಆಗಿದ್ದರೆ, ಅದು ಸಿಕ್ಕ ದಿನವೇ ಕೆಲಸ ಮುಗಿದಂತೆ. ಆತ ಕೋರ್ಸ್ ಮುಗಿಸಿ ಹೊರಟರೆ ಡೇಟಾ ಶೀಟಿನ ಕಾಲಂ ಹೆಸರುಗಳ ಅರ್ಥ ಹೇಳುವವರೇ ಇರುವುದಿಲ್ಲ. ಲೇಖಕರ ಕ್ರಮದ ಬಗ್ಗೆ ಮೊದಲೇ ಮಾತಾಗದಿದ್ದರೆ ಹಸ್ತಪ್ರತಿ ಸಹಲೇಖಕರ ನಡುವೆ ಸಿಕ್ಕಿಕೊಳ್ಳುತ್ತದೆ. "ಫಲಿತಾಂಶ ಅಷ್ಟೇನೂ ಮುಖ್ಯವಲ್ಲ" ಎಂದು ಅನ್ನಿಸುವುದು ಮತ್ತೊಂದು. ಗಣನೀಯವಲ್ಲದ ಫಲಿತಾಂಶ ಬಂದವರಿಗೆ ಸಮಯ ಕಡಿಮೆ ಸಿಗುವುದು ಇದೇ ಕಾರಣಕ್ಕೆ.

ಈಗ ಎಣಿಸುವ ವಿಧಾನಕ್ಕೆ ಬರೋಣ. ತಮ್ಮ ವಿಷಯದ ಸಮ್ಮೇಳನವೊಂದರ ಪ್ರಕಟಣಾ ಪ್ರಮಾಣ ಲೆಕ್ಕ ಹಾಕುವುದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್. ಪ್ರಯೋಗಾಲಯ ಬೇಡ, ರೋಗಿಗಳ ದಾಖಲೆ ಬೇಡ. ಆದರೆ ಸುಲಭವಾಗಿ ಕಾಣುವುದರಿಂದಲೇ ಇದರಲ್ಲಿ ತಪ್ಪುಗಳು ಜಾಸ್ತಿ.

ಮೊದಲ ತೀರ್ಮಾನ, ಯಾವ ವರ್ಷದ ಸಮ್ಮೇಳನ ಎಂಬುದು. ಪ್ರಕಟವಾಗುವವುಗಳಲ್ಲಿ ಬಹುಪಾಲು ಮೊದಲ ಮೂರು ವರ್ಷಗಳಲ್ಲೇ ಹೊರಬರುತ್ತವೆ, ಐದು ವರ್ಷದ ನಂತರ ರೇಖೆ ಚಪ್ಪಟೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಹುಡುಕಾಟದ ದಿನಕ್ಕೆ ಕನಿಷ್ಠ ಐದು ವರ್ಷ ಹಿಂದಿನ ಸಮ್ಮೇಳನವನ್ನು ಆರಿಸಿ. ಎರಡು ವರ್ಷ ಹಿಂದಿನದನ್ನು ಆರಿಸಿಕೊಂಡು "ನಮ್ಮಲ್ಲಿ ಪ್ರಕಟಣೆ ಕಡಿಮೆ" ಎಂದು ಬರೆದರೆ ಅದು ಕಡಿಮೆ ಕಾದದ್ದರ ಫಲ.

ಎರಡನೆಯದು ಛೇದ, ಅಂದರೆ ಶೇಕಡಾವಾರು ತೆಗೆಯಲು ಭಾಗಿಸುವ ಒಟ್ಟು ಸಂಖ್ಯೆ. ಸಲ್ಲಿಕೆಯಾದ ಎಲ್ಲವೋ, ಸ್ವೀಕೃತವಾದವೋ, ನಿಜವಾಗಿ ಮಂಡನೆಯಾದವೋ? ಕಾರ್ಯಕ್ರಮ ಪುಸ್ತಕದಲ್ಲಿ ಹೆಸರಿದ್ದೂ ಯಾರೂ ಬಾರದೆ ಹಿಂತೆಗೆದುಕೊಂಡವು ಇರುತ್ತವೆ. ಆಹ್ವಾನಿತ ಉಪನ್ಯಾಸ, ವಿಷಯ ವಿಮರ್ಶೆ, ಒಂದೇ ರೋಗಿಯ ಕೇಸ್ ರಿಪೋರ್ಟ್ ಇವನ್ನು ಸೇರಿಸುತ್ತೀರೋ ಬಿಡುತ್ತೀರೋ ಎಂಬುದನ್ನು ಎಣಿಸುವ ಮುಂಚೆ ಬರೆದಿಟ್ಟುಕೊಳ್ಳಬೇಕು. ಸಮ್ಮೇಳನಕ್ಕೂ ಮುಂಚೆಯೇ ಪ್ರಕಟವಾಗಿದ್ದವುಗಳ ವಿಷಯವೂ ಹಾಗೇ. 200 ಅಬ್‌ಸ್ಟ್ರಾಕ್ಟುಗಳಲ್ಲಿ 80 ಪ್ರಕಟವಾಗಿವೆ, ಅವುಗಳಲ್ಲಿ 10 ಸಮ್ಮೇಳನಕ್ಕೆ ಮೊದಲೇ ಬಂದಿದ್ದವು ಎಂದಿಟ್ಟುಕೊಳ್ಳಿ. ಸೇರಿಸಿದರೆ 40%. ಬಿಟ್ಟರೆ 190ರಲ್ಲಿ 70, ಅಂದರೆ 36.8%. ಎರಡೂ ಸರಿ, ಯಾವುದನ್ನು ಕೊಡುತ್ತಿದ್ದೀರಿ ಎಂದು ಹೇಳದಿರುವುದು ಮಾತ್ರ ತಪ್ಪು. ಎರಡನ್ನೂ ಕೊಡುವುದು ನನಗೆ ಸರಿಯೆನಿಸುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. 200ರಲ್ಲಿ 40% ಎಂದರೆ 95% ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಅಂದಾಜು ಮಿತಿ, ಸುಮಾರು 33ರಿಂದ 47. ಬರೀ 60 ಅಬ್‌ಸ್ಟ್ರಾಕ್ಟುಗಳಿದ್ದರೆ ಅದೇ 40%ಗೆ ವ್ಯಾಪ್ತಿ 28ರಿಂದ 52. ಅಷ್ಟು ಅಗಲದ ವ್ಯಾಪ್ತಿ ಇಟ್ಟುಕೊಂಡು ಎರಡು ಸಮ್ಮೇಳನಗಳನ್ನು ಹೋಲಿಸುವುದು ಆಗದ ಮಾತು. ಸಣ್ಣ ಸಮ್ಮೇಳನವಾದರೆ ಮೂರು ನಾಲ್ಕು ವರ್ಷಗಳನ್ನು ಒಟ್ಟು ಸೇರಿಸಿ.

ಹುಡುಕಾಟವೇ ಇಲ್ಲಿ ನಿಜವಾದ ಶ್ರಮ. ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಒಂದರಲ್ಲೇ ಹುಡುಕಿ ಮುಗಿಸುವವರು ಬಹಳ, ಅದರಲ್ಲಿ ಇಲ್ಲದ ಜರ್ನಲ್ಲುಗಳು ಸಾಕಷ್ಟಿವೆ. ಪಬ್‌ಮೆಡ್ ಜೊತೆಗೆ ಅಂಥವೇ ಡೇಟಾಬೇಸ್‌ಗಳಾದ ಎಂಬೇಸ್ ಅಥವಾ ಸ್ಕೋಪಸ್‌ನಲ್ಲಿ ಒಂದು, ಕೊನೆಗೆ ಗೂಗಲ್ ಸ್ಕಾಲರ್ ನೋಡಿ. ಎಂಬೇಸ್ 2009ರಿಂದ ಸಮ್ಮೇಳನದ ಅಬ್‌ಸ್ಟ್ರಾಕ್ಟುಗಳನ್ನೂ ಸೇರಿಸಿಕೊಳ್ಳುತ್ತಿದೆ. ಹಾಗಾಗಿ ಅಲ್ಲಿ ಶೀರ್ಷಿಕೆ ಸಿಕ್ಕ ಮಾತ್ರಕ್ಕೆ ಪೇಪರ್ ಸಿಕ್ಕಿತು ಎಂದುಕೊಳ್ಳಬೇಡಿ, ಅದು ಜರ್ನಲ್ಲಿನ ವಿಶೇಷ ಪುರವಣಿಯಲ್ಲಿ ಅಚ್ಚಾದ ಅದೇ ಅಬ್‌ಸ್ಟ್ರಾಕ್ಟ್ ಆಗಿರಬಹುದು. ಪುಟ ಸಂಖ್ಯೆ ನೋಡಿ: ಒಂದೇ ಪುಟ, ಅಥವಾ ಪುಟ ಸಂಖ್ಯೆಯ ಹಿಂದೆ ಎಸ್ ಅಕ್ಷರ ಇದ್ದರೆ ತೆರೆದು ಪರೀಕ್ಷಿಸಬೇಕು.

ಶೀರ್ಷಿಕೆಯಿಂದ ಶುರು ಮಾಡಿ, ಆದರೆ ಅದನ್ನೇ ನಂಬಬೇಡಿ. ಪೇಪರ್ ಆಗುವ ಹೊತ್ತಿಗೆ ಶೀರ್ಷಿಕೆ ಬದಲಾಗುವುದೇ ಹೆಚ್ಚು. ಮುಂದಿನ ಹಂತ ಮೊದಲ ಲೇಖಕರ ಹೆಸರು ಮತ್ತು ಎರಡು ಮುಖ್ಯ ಪದ, ಅದಾದ ಮೇಲೆ ಕೊನೆಯ ಲೇಖಕರ ಹೆಸರು ಮತ್ತು ಅವೇ ಪದಗಳು. ವಿದ್ಯಾರ್ಥಿ ಹೊರಟುಹೋಗಿ ಬೇರೆಯವರು ಬರೆದ ಪೇಪರ್‌ಗಳಲ್ಲಿ ಮೊದಲ ಹೆಸರೇ ಬದಲಾಗಿರುತ್ತದೆ, ಗೈಡ್ ಹೆಸರು ಉಳಿದಿರುತ್ತದೆ. ಇನಿಷಿಯಲ್ ಹಿಂದೆಮುಂದೆ ಆಗುವುದು, ಮದುವೆಯ ನಂತರ ಹೆಸರು ಬದಲಾಗುವುದು, ರೋಮನ್ ಲಿಪಿಗೆ ತಂದಾಗ ಒಂದೇ ಹೆಸರಿಗೆ ಮೂರು ಸ್ಪೆಲ್ಲಿಂಗ್ ಆಗುವುದು, ಇವೆಲ್ಲ ಹುಡುಕುವವರ ಕಣ್ಣಿಗೆ ಮಣ್ಣೆರಚುತ್ತವೆ. ಈ ಕಾರಣಕ್ಕೆ ಇಂಗ್ಲಿಷೇತರ ಹೆಸರುಗಳಿರುವ ದೇಶಗಳ ಪ್ರಮಾಣ ಇರುವುದಕ್ಕಿಂತ ಕಡಿಮೆ ಎಂದು ದಾಖಲಾಗುವ ಅಪಾಯ ಇದೆ. ಪ್ರತಿಯೊಂದು ಅಬ್‌ಸ್ಟ್ರಾಕ್ಟಿಗೂ ಇದೇ ಕ್ರಮದ ಹುಡುಕಾಟ ಆಗಲಿ. ಪರಿಚಯದ ಲೇಖಕರದ್ದನ್ನು ಗಮನವಿಟ್ಟು, ಉಳಿದದ್ದನ್ನು ಒಂದೇ ಸಲ ಹುಡುಕಿದರೆ ಫಲಿತಾಂಶ ಅಲ್ಲೇ ವಾಲಿತು.

ಸಿಕ್ಕ ಪೇಪರ್ ಇದೇ ಅಧ್ಯಯನದ್ದೇ ಎಂದು ಹೇಳಲು ನಿಯಮ ಬೇಕು. ಕನಿಷ್ಠ ಒಬ್ಬ ಲೇಖಕರಾದರೂ ಸಮಾನ, ಅದೇ ಸಂಶೋಧನಾ ಪ್ರಶ್ನೆ, ಅದೇ ಜನಸಮೂಹ, ಕನಿಷ್ಠ ಒಂದು ಫಲಿತಾಂಶ ಅಳತೆ ಎರಡರಲ್ಲೂ ಇರುವುದು: ಈ ನಾಲ್ಕೂ ಹೊಂದಿದರೆ ಒಪ್ಪಿಕೊಳ್ಳಬಹುದು. ರೋಗಿಗಳ ಸಂಖ್ಯೆ ಹೆಚ್ಚಿದ್ದರೆ ತಿರಸ್ಕರಿಸಬೇಡಿ, ಅಬ್‌ಸ್ಟ್ರಾಕ್ಟ್ ನಂತರ ಡೇಟಾ ಬೆಳೆದಿರುತ್ತದೆ. ಕಡಿಮೆಯಾಗಿದ್ದರೆ ಮಾತ್ರ ಕಾರಣ ಹುಡುಕಿ. ಇಬ್ಬರು ಸ್ವತಂತ್ರವಾಗಿ ಈ ಕೆಲಸ ಮಾಡಿ, ಎಷ್ಟು ಹೊಂದಿಕೆಯಾಯಿತು ಎಂಬುದಕ್ಕೆ ಕಪ್ಪಾ ಮೌಲ್ಯ ಕೊಡಿ, ಹೊಂದದ ಕಡೆ ಮೂರನೆಯವರು ತೀರ್ಮಾನಿಸಲಿ. ಮೂರು ಅಬ್‌ಸ್ಟ್ರಾಕ್ಟ್ ಸೇರಿ ಒಂದು ಪೇಪರ್ ಆದದ್ದು, ಒಂದರಿಂದ ಎರಡು ಪೇಪರ್ ಬಂದದ್ದು ಎರಡೂ ಎದುರಾಗುತ್ತವೆ. ಎಣಿಕೆಯ ಘಟಕ ಯಾವಾಗಲೂ ಅಬ್‌ಸ್ಟ್ರಾಕ್ಟ್ ಆಗಿರಲಿ. ಮೂರು ಸೇರಿ ಒಂದು ಪೇಪರ್ ಆಗಿದ್ದರೆ ಮೂರೂ ಪ್ರಕಟವಾದಂತೆ ಎಣಿಸಬೇಕು, ಒಂದರಿಂದ ಎರಡು ಬಂದಿದ್ದರೆ ಮೊದಲು ಬಂದ ಪೇಪರ್‌ನ ದಿನಾಂಕ ಹಿಡಿಯಬೇಕು. ದಿನಾಂಕ ಎಂದರೂ ಯಾವುದು? ಆನ್‌ಲೈನ್‌ನಲ್ಲಿ ಮೊದಲು ಬಂದದ್ದಕ್ಕೂ ಸಂಚಿಕೆಯಲ್ಲಿ ಅಚ್ಚಾದದ್ದಕ್ಕೂ ತಿಂಗಳುಗಳ ಅಂತರ ಇರಬಹುದು. ಆನ್‌ಲೈನ್ ದಿನಾಂಕ ಇಟ್ಟುಕೊಂಡರೆ ಒಳ್ಳೆಯದು.

ಸಿಗದೆ ಉಳಿದವುಗಳ ಲೇಖಕರಿಗೆ ಒಂದು ಚಿಕ್ಕ ಇಮೇಲ್ ಕಳಿಸಿ. ಮೂರೇ ಪ್ರಶ್ನೆ ಸಾಕು: ಒಂದು, ಪ್ರಕಟವಾಗಿದೆಯೇ, ಆಗಿದ್ದರೆ ಎಲ್ಲಿ; ಎರಡು, ಜರ್ನಲ್ಲಿಗೆ ಕಳಿಸಿದ್ದಿರಾ; ಮೂರು, ಇಲ್ಲದಿದ್ದರೆ ಮುಖ್ಯ ಕಾರಣ ಏನು. ಎರಡನೆಯ ಪ್ರಶ್ನೆಯನ್ನು ಬಿಟ್ಟುಬಿಡುವ ಅಧ್ಯಯನಗಳನ್ನು ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ತಿರಸ್ಕೃತವಾದದ್ದಕ್ಕೂ ಕಳಿಸದೇ ಇದ್ದದ್ದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಅದೊಂದರಿಂದಲೇ.

ವಿಶ್ಲೇಷಣೆಯಲ್ಲಿ ಬೇರೆ ಬೇರೆ ವರ್ಷಗಳನ್ನು ಸೇರಿಸಿದ್ದರೆ ಕಾಲ ಕಳೆದಂತೆ ಎಷ್ಟು ಪ್ರಕಟವಾದವು ಎಂದು ತೋರಿಸುವ ಕಪ್ಲಾನ್ ಮೈಯರ್ ರೇಖೆ ಬಳಸಿ, ಹುಡುಕಾಟದ ದಿನದವರೆಗೂ ಪ್ರಕಟವಾಗದವನ್ನು ಅಲ್ಲಿಗೆ ಸೆನ್ಸರ್ ಮಾಡಿ, ಅಂದರೆ ಆ ದಿನದವರೆಗೆ ಪ್ರಕಟವಾಗಿಲ್ಲ ಎಂದಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಒಂದೇ ವರ್ಷದ ಸಮ್ಮೇಳನವಾದರೆ ಎಲ್ಲಕ್ಕೂ ಸಮಾನ ಕಾಲ ಸಿಕ್ಕಿರುವುದರಿಂದ ಸರಳ ಶೇಕಡಾವಾರೇ ಸಾಕು. ಒಂದೇ ಗೈಡ್ ಹೆಸರಿನಲ್ಲಿ ಹದಿನೈದು ಪೋಸ್ಟರ್ ಇದ್ದರೆ ಅವು ಹದಿನೈದು ಸ್ವತಂತ್ರ ಘಟನೆಗಳಲ್ಲ. ಆ ಗುಂಪುಗಾರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಪಿ ಮೌಲ್ಯ ಸುಳ್ಳು ಧೈರ್ಯ ಕೊಡುತ್ತದೆ.

ಇಷ್ಟೆಲ್ಲ ಎಣಿಕೆ ನಂತರದ್ದು. ಸ್ವಂತ ಅಬ್‌ಸ್ಟ್ರಾಕ್ಟ್ ನಿಂತುಹೋಗದಂತೆ ನೋಡಿಕೊಳ್ಳುವ ಕೆಲಸ ಸಮ್ಮೇಳನಕ್ಕೆ ಮುಂಚೆಯೇ ಶುರುವಾಗಬೇಕು. ಅಬ್‌ಸ್ಟ್ರಾಕ್ಟ್ ಕಳಿಸಿದ ದಿನದ ಡೇಟಾವನ್ನು ದಿನಾಂಕ ಹಾಕಿ ಪ್ರತ್ಯೇಕ ಪ್ರತಿಯಾಗಿ ಉಳಿಸಿ, ಯಾವ ಕಾಲಂ ಏನು ಎಂಬ ವಿವರಪಟ್ಟಿ ಜೊತೆಗಿಡಿ, ವಿಶ್ಲೇಷಣೆಯ ಕೋಡ್ ಕೂಡ. ಮುಂದೆ ಸಂಖ್ಯೆ ಬದಲಾದರೆ ಏಕೆ ಬದಲಾಯಿತು ಎಂದು ಎರಡು ಸಾಲಿನಲ್ಲಿ ಹೇಳಲು ಆಗುತ್ತದೆ, ಆಗ ಮುಜುಗರಕ್ಕೆ ಜಾಗವೇ ಇರುವುದಿಲ್ಲ. ಲೇಖಕರ ಕ್ರಮ, ಯಾರು ಯಾವ ಭಾಗ ಬರೆಯುತ್ತಾರೆ, ಮೊದಲ ಲೇಖಕರು ಆರು ತಿಂಗಳೊಳಗೆ ಬರೆಯದಿದ್ದರೆ ಯಾರ ಕೈಗೆ ಹೋಗುತ್ತದೆ, ಇದನ್ನು ಇಮೇಲ್‌ನಲ್ಲಿ ಒಪ್ಪಿಕೊಳ್ಳಿ. ವಿಧಾನ ವಿಭಾಗವನ್ನು ನೀತಿ ಸಮಿತಿಗೆ ಕೊಟ್ಟ ಪ್ರೊಟೊಕಾಲ್‌ನಿಂದ ಆಗಲೇ ಬರೆದಿಡಬಹುದು, ಅದಕ್ಕೆ ಫಲಿತಾಂಶ ಕಾಯಬೇಕಿಲ್ಲ. ವರದಿ ಮಾಡುವ ಚೆಕ್‌ಲಿಸ್ಟ್, ಅಂದರೆ ಟ್ರಯಲ್‌ಗೆ ಕನ್ಸಾರ್ಟ್, ವೀಕ್ಷಣಾ ಅಧ್ಯಯನಕ್ಕೆ ಸ್ಟ್ರೋಬ್, ಆ ಹಂತದಲ್ಲೇ ಪಕ್ಕದಲ್ಲಿರಲಿ. ಬರೆದು ಮುಗಿಸಿದ ಮೇಲೆ ಚೆಕ್‌ಲಿಸ್ಟ್ ತೆರೆದರೆ ದಾಖಲಿಸದೇ ಹೋದ ಸಂಗತಿಗಳು ಆಗ ಗೊತ್ತಾಗುತ್ತವೆ, ಅಷ್ಟರಲ್ಲಿ ಅವನ್ನು ಪಡೆಯುವ ದಾರಿ ಮುಚ್ಚಿರುತ್ತದೆ.

ಪೋಸ್ಟರ್ ಮುಂದೆ ನಿಂತಾಗ ಜನ ಕೇಳಿದ ಪ್ರಶ್ನೆಗಳನ್ನು ಅಂದೇ ಬರೆದಿಟ್ಟುಕೊಳ್ಳಿ. ಜರ್ನಲ್ ರಿವ್ಯೂವರ್ ಕೇಳುವುದೂ ಹೆಚ್ಚುಕಡಿಮೆ ಅವನ್ನೇ. ಸಮ್ಮೇಳನದಲ್ಲಿ ಮಂಡಿಸಿದ್ದು ಮತ್ತೆ ಜರ್ನಲ್ಲಿನಲ್ಲಿ ಬರುವಂತಿಲ್ಲ ಎಂಬ ಭಯ ಕೆಲವರಿಗಿದೆ. ಅಬ್‌ಸ್ಟ್ರಾಕ್ಟ್ ಅಥವಾ ಪೋಸ್ಟರ್ ಆಗಿ ಮಂಡಿಸಿದ್ದು ಪೂರ್ಣ ಪೇಪರ್‌ಗೆ ಅಡ್ಡಿಯಲ್ಲ ಎಂದು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾರ್ಗಸೂಚಿಯೇ ಹೇಳುತ್ತದೆ. ಮುಖಪುಟದಲ್ಲಿ ಎಲ್ಲಿ, ಯಾವಾಗ ಮಂಡಿಸಿದಿರಿ ಎಂದು ತಿಳಿಸಿದರಾಯಿತು. ಅಬ್‌ಸ್ಟ್ರಾಕ್ಟಿನ ವಾಕ್ಯಗಳನ್ನು ಹಾಗೇ ಎತ್ತಿ ಹಾಕಬೇಡಿ, ಅದರ ಹಕ್ಕು ಪುರವಣಿ ಪ್ರಕಾಶಕರದಾಗಿರಬಹುದು. ಕಂಪ್ಯೂಟರ್ ವಿಜ್ಞಾನದವರಿಗೆ ಈ ಭಾಗ ಅನ್ವಯಿಸುವುದಿಲ್ಲ, ಅಲ್ಲಿ ಸಮ್ಮೇಳನದ ಪ್ರಬಂಧವೇ ಬಹುಮಟ್ಟಿಗೆ ಅಂತಿಮ ಪ್ರಕಟಣೆ.

ಜರ್ನಲ್ ಆಯ್ಕೆಯಲ್ಲಿ ಮೂರು ಹೆಸರುಗಳನ್ನು ಕ್ರಮವಾಗಿ ಮೊದಲೇ ಬರೆದಿಡಿ. ಮೊದಲನೆಯದು ತಿರಸ್ಕರಿಸಿದರೆ ಟೀಕೆಗಳಲ್ಲಿ ಸರಿಯಾದವನ್ನು ತಿದ್ದಿ, ಎರಡು ವಾರದೊಳಗೆ ಎರಡನೆಯದಕ್ಕೆ. ಮೊದಲ ತಿರಸ್ಕಾರದ ನಂತರ ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟು "ಆಮೇಲೆ ನೋಡೋಣ" ಎಂದರೆ ಅದು ಮತ್ತೆ ಮೇಲೇಳುವುದು ಅಪರೂಪ. ಫಲಿತಾಂಶ ಗಣನೀಯವಲ್ಲದಿದ್ದರೆ ಮುನ್ನುಡಿಯಲ್ಲಿ ಕ್ಷಮೆ ಕೇಳುವ ಧಾಟಿ ಬೇಡ. ವಿಶ್ವಾಸ ವ್ಯಾಪ್ತಿ ಕೊಟ್ಟು, ಎಷ್ಟು ದೊಡ್ಡ ಪರಿಣಾಮವನ್ನು ಈ ಅಧ್ಯಯನ ತಳ್ಳಿಹಾಕುತ್ತದೆ ಎಂದು ಹೇಳಿ. ಮನುಷ್ಯರ ಮೇಲೆ ನಡೆಯುವ ವೈದ್ಯಕೀಯ ಸಂಶೋಧನೆಯ ನೀತಿಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆಯೂ ಇಂಥ ಫಲಿತಾಂಶಗಳನ್ನು ಹೊರಗೆ ತರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ.

ಆರು ಏಳು ವರ್ಷ ಹಳೆಯದಾದ ಅಬ್‌ಸ್ಟ್ರಾಕ್ಟ್ ಈಗಲೂ ಕೈಯಲ್ಲಿದ್ದರೆ ಅದನ್ನೂ ಬಿಡಬೇಕಾಗಿಲ್ಲ. ಡೇಟಾ ಇನ್ನೂ ಓದಲು ಬರುತ್ತದೆಯೇ, ನೀತಿ ಸಮಿತಿಯ ಅನುಮತಿ ಅದನ್ನು ಇಟ್ಟುಕೊಳ್ಳಲು ಬಿಡುತ್ತದೆಯೇ ಎಂದು ಮೊದಲು ನೋಡಿ. ಸಹಲೇಖಕರ ಒಪ್ಪಿಗೆಯನ್ನು ಮತ್ತೊಮ್ಮೆ ಪಡೆಯಿರಿ. ಹಿನ್ನೆಲೆ ಸಾಹಿತ್ಯವನ್ನು ಇಂದಿನವರೆಗೆ ತನ್ನಿ, ಡೇಟಾ ಸಂಗ್ರಹಿಸಿದ ವರ್ಷಗಳನ್ನು ಮರೆಮಾಡದೆ ವಿಧಾನದಲ್ಲೇ ಹೇಳಿ. ಪೂರ್ಣ ಪೇಪರ್‌ಗೆ ಸಾಲದು ಎನಿಸಿದರೆ 1,000ದಿಂದ 1,500 ಪದಗಳ ಕಿರು ವರದಿ ಮಾಡಿ. ಅದಕ್ಕೂ ಜರ್ನಲ್ ಸಿಗದಿದ್ದರೆ 2019ರಿಂದ ಇರುವ ಮೆಡ್‌ಆರ್‌ಕೈವ್‌ನಂಥ ಪ್ರಿಪ್ರಿಂಟ್ ಸರ್ವರ್‌ಗೆ, ಅಂದರೆ ಜರ್ನಲ್ ವಿಮರ್ಶೆಗೆ ಮುಂಚಿನ ಹಸ್ತಪ್ರತಿಗಳನ್ನು ಎಲ್ಲರಿಗೂ ತೆರೆದಿಡುವ ಜಾಲತಾಣಕ್ಕೆ, ಹಾಕಿ. ಟ್ರಯಲ್ ಆಗಿದ್ದರೆ ನೋಂದಣಿಯ ದಾಖಲೆಯಲ್ಲಿ ಫಲಿತಾಂಶದ ಕೊಂಡಿ ಸೇರಿಸಿ, ವ್ಯವಸ್ಥಿತ ವಿಮರ್ಶೆ ಬರೆಯುವವರು ಹುಡುಕುತ್ತಾ ಬರುವುದು ಅಲ್ಲಿಗೇ.